ಕೈಗವಸು ಮೇಲಿರುವ ತನಕ

ಹಾರ್‌ಕೂಂಬ್ ಪೇಟೆಗೆ ಸಂತೆ ನಡೆಸಲು ರಾಜ ಸನದು ಕೊಟ್ಟು ಏಳುನೂರೈವತ್ತು ವರ್ಷವಾಯಿತೆಂದು ಊರಿಗೆ ಊರೇ ಕುಣಿಯುತ್ತಿತ್ತು. ಬೀದಿ ತುಂಬ ಬಣ್ಣದ ತೋರಣ, ಚರ್ಚಿನ ಮುಂದೆ ಬ್ಯಾಂಡು, ಬೇಕರಿಯ ಕಿಟಕಿಯಲ್ಲಿ ಕಿರೀಟದ ಆಕಾರದ ಕೇಕು. ಹೆಸ್ಟರಳಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರ ದವಡೆಯ ಹಾಗೆ ಅವಳ ಮನಸ್ಸು ಜೋಮು ಹಿಡಿದು ಒಂದೂವರೆ ವರ್ಷವಾಗಿತ್ತು, ಗಂಡ ಸಿರಿಲ್ ತೀರಿಹೋದಾಗಿನಿಂದ.

ಸಿರಿಲ್ ಊರಿಗೆ ಡಂಗುರ ಸಾರುವವನು. ಪ್ರತಿ ವರ್ಷ ಸನದಿನ ದಿನ ಚೌಕದ ಕಂಬಕ್ಕೆ ದೊಡ್ಡದೊಂದು ಚರ್ಮದ ಕೈಗವಸು ಏರಿಸಿ, ಗಂಟೆ ಬಾರಿಸಿ, "ಕೈಗವಸು ಏರಿದೆ! ಇಳಿಯುವ ತನಕ ಯಾರನ್ನೂ ಹಿಡಿಯುವಂತಿಲ್ಲ, ಯಾರಿಗೂ ಬಾಗಿಲು ಹಾಕುವಂತಿಲ್ಲ!" ಎಂದು ಕೂಗುತ್ತಿದ್ದ. ಸಂತೆಗೆ ಬರುವ ಪರವೂರಿನವರಿಗೆಂದು ರಾಜ ಹಾಗೆ ಬರೆಸಿದ್ದು. ರಾಜ ಹೋದ, ಸಂತೆಯೂ ಹೋಯಿತು, ರೂಢಿ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಆವತ್ತು ಎಲ್ಲರೂ ಬಾಗಿಲು ತೆರೆದಿಟ್ಟು, ಬಂದವರಿಗೆ ಚಹಾ ಕೊಡಬೇಕು. ಸಂಜೆ ಕೈಗವಸು ಇಳಿದರೆ ಬಂದವರು ಎದ್ದು ಹೋಗಬೇಕು.

ಹೆಸ್ಟರ್ ಬಾಗಿಲು ಹಾಕಿದ್ದು ಒಬ್ಬಳಿಗೇ, ಒಡಹುಟ್ಟಿದ ತಂಗಿ ಐವಿಗೆ. ಹಿಮ ಹೆಪ್ಪುಗಟ್ಟಿದ ರಸ್ತೆಯಲ್ಲಿ ಸಿರಿಲನನ್ನು ಮನೆಗೆ ಕರೆತರುತ್ತಿದ್ದ ಕಾರು ಓಡಿಸುತ್ತಿದ್ದವಳು ಅವಳು. ಅವಳಿಗೆ ಕೈ ಮುರಿಯಿತು, ಅವನು ಉಳಿಯಲಿಲ್ಲ. ಹೋದ ವರ್ಷ ಸನದಿನ ದಿನ ಐವಿ ಬಂದಾಳೆಂದೇ ಹೆಸ್ಟರ್ ಬೆಳಗ್ಗೆ ಬಸ್ಸು ಹತ್ತಿ ಹತ್ತಿರದ ಎಕ್ಸೆಟರ್ ನಗರಕ್ಕೆ ಹೋಗಿ, ಬೇಡದ ಅಂಗಡಿಗಳನ್ನೆಲ್ಲ ಸುತ್ತಿ, ಕತ್ತಲಾದ ಮೇಲೆ ವಾಪಸಾಗಿದ್ದಳು.

ಈ ಸಲ ಮೇಯರ್ ಪರ್ಸಿ ಟಾಪರ್ ಬಿಡಲಿಲ್ಲ.

"ಸಿರಿಲ್ ಏರಿಸ್ತಿದ್ದ ಕೈಗವಸು ಹೆಸ್ಟರ್, ಈ ವರ್ಷ ನೀವೇ ಏರಿಸ್ಬೇಕು, ನೀವೇ ಇಳಿಸ್ಬೇಕು."

"ನಂಗೆ ಕೂಗಕ್ಕಾಗಲ್ಲ ಕಣ್ರೀ."

"ಕೂಗಕ್ಕೆ ನಾನಿದೀನಲ್ಲ! ಕೌನ್ಸಿಲಲ್ಲಿ ನಾನು ಇನ್ನೇನು ಮಾಡ್ತೀನಿ ಅಂದ್ಕೊಂಡಿದೀರಿ?"

ಬೇಡ ಅನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಹೂಂ ಅಂದಳು.

ಹಗ್ಗ ಎಳೆದಳು. ಕೈಗವಸು ಏರಿತು, ಜನ ಹೋ ಅಂದರು. ಕಂಬದ ಹಗ್ಗಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಮನೆಗೆ ಬಂದು ಬಾಗಿಲು ತೆರೆದಿಟ್ಟಳು. ನೆರೆಯವರು ಬಂದರು, ಚಹಾ ಕುಡಿದರು, ಹೋದರು. ಮಧ್ಯಾಹ್ನ ಐವಿ ಹೊಸ್ತಿಲಾಚೆ ಬಂದು ನಿಂತಳು.

"ಬರ್ಲಾ ಅಕ್ಕಾ?"

"ಬೇಡ ಅನ್ನೋ ಹಾಗಿಲ್ವಲ್ಲ ಇವತ್ತು."

ಐವಿ ಕೋಟೂ ಬಿಚ್ಚದೆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಳು. ಎಡಗೈ ಸರಿಯಾಗಿ ಮಡಚುತ್ತಿರಲಿಲ್ಲ. ಹೆಸ್ಟರ್ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಹೋದಳು.

"ಹಾಕ್ಬೇಡ ಅಕ್ಕ, ಬಿಟ್ಬಿಟ್ಟೆ."

"ಇರುವೆ ಥರ ಮುತ್ಕೊಳ್ತಿದ್ದೋಳು ನೀನು. ಯಾಕೆ?"

"ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಯಾವ್ದೂ ರುಚಿನೇ ಹತ್ತಲ್ಲ."

ಹೆಸ್ಟರ್ ತನ್ನ ಕಪ್ಪನ್ನೇ ನೋಡುತ್ತ ಕೂತಳು. ತನಗೂ ರುಚಿ ಹತ್ತುತ್ತಿಲ್ಲವೆಂದು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ನಿಧಾನವಾಗೇ ಓಡಿಸ್ತಿದ್ದೆ ಅಕ್ಕ, ಭಾವನಾಣೆ," ಅಂದಳು ಐವಿ.

"ಗೊತ್ತು."

ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಆ ಸಂಕಟದಲ್ಲಿ ಯಾರಿಗಾದರೂ ಒಬ್ಬರಿಗೆ ಬಾಗಿಲು ಹಾಕದೆ ಬದುಕುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ ಪಾಪ. ಚಹಾ ಆರಿತು, ಬಿಸಿಲು ಇಳಿಯಿತು.

ಸಂಜೆಯ ಗಂಟೆ ಹೊಡೆಯಿತು. ಐವಿ ಎದ್ದು ನಿಂತಳು. ಆ ಹೊತ್ತಿಗೆ ಮೇಯರ್ ಏದುಸಿರು ಬಿಡುತ್ತ ಬಂದ, ಕೊರಳಿನ ಅಧಿಕಾರದ ಸರ ಬೆನ್ನಿಗೆ ಹೋಗಿತ್ತು.

"ಹೆಸ್ಟರ್! ಊರೆಲ್ಲ ಕಾಯ್ತಿದೆ! ಕೈಗವಸು ಇಳಿಸ್ಬೇಕು, ಬೀಗದ ಕೈ ನಿಮ್ಹತ್ರನೇ ಇದೆಯಲ್ರೀ!"

ಹೆಸ್ಟರ್ ಜೇಬಿನ ಮೇಲೆ ಕೈಯಿಟ್ಟುಕೊಂಡಳು.

"ಇಳಿಸಲ್ಲ."

"ಅಯ್ಯೋ, ಏಳುನೂರೈವತ್ತು ವರ್ಷದಲ್ಲಿ ಒಂದ್ಸಲಾನೂ ಹೀಗೆ..."

"ಇವತ್ತು ಅಲ್ಲೇ ಇರ್ಲಿ ಬಿಡಿ. ನೀವೂ ಒಳಗ್ ಬನ್ನಿ, ಚಹಾ ಕುಡೀರಿ. ಕೂತ್ಕೊಳೇ ಐವಿ, ಎಲ್ಲಿಗೆ ಹೊರಟೆ?"

ಐವಿ ನಿಂತಲ್ಲೇ ಕೋಟಿನ ಗುಂಡಿ ಬಿಚ್ಚಲು ನೋಡಿದಳು. ಒಂದೇ ಕೈಯಲ್ಲಿ ಆಗಲಿಲ್ಲ. ಹೆಸ್ಟರ್ ಎದ್ದು ಹೋಗಿ ಒಂದೊಂದಾಗಿ ಬಿಚ್ಚಿಕೊಟ್ಟಳು.