ಅಕ್ಕನ ನಡಿಗೆ

"ಲೇ, ತಲೆ ತಗ್ಸೇ! ಹಲ್ಲು ಕಾಣ್ಬಾರ್ದು ಅಂತ ಎಷ್ಟ್ ಸತಿ ಹೇಳಿವ್ನಿ?"

ನವ್ಯಶ್ರೀ ಸೊಂಟದ ಮೇಲೆ ಕೈಯಿಟ್ಟು ತನ್ನ ಅವ್ವನ ದನಿ ತೆಗೆದಳು. ಮರುಕ್ಷಣ ಎದುರಿಗೆ ಹಾರಿ ನಿಂತು ಬೈಸಿಕೊಳ್ಳುವ ಹುಡುಗಿಯಾದಳು. ರಟ್ಟಿನ ತುಂಡೊಂದನ್ನು ಕಾಫಿ ತಟ್ಟೆಯಂತೆ ಹಿಡಿದು, ಬಲಗಾಲನ್ನು ನೆಲದ ಮೇಲೆ ಎಳೆಯುತ್ತಾ ನಡೆದು ಬಂದಳು. ಮತ್ತೆ ಅವ್ವನಾದಳು. "ಕಾಲು ಅಡಗ್ಸ್ಕೊ! ನಿರಿಗೆ ಒಸಿ ಕೆಳಕ್ಕೆ ಬುಡು. ಗಂಡಿನ್ ಕಡೇರು ಮೊದ್ಲು ಕಾಲ್ನೇ ನೋಡದು!"

ಶಿಬಿರದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮೂಲೆಯಲ್ಲಿ ತಮಟೆ ಹಿಡಿದು ಕೂತಿದ್ದ, ಶಿಬಿರಕ್ಕೆ ವಾದ್ಯ ನುಡಿಸಲು ಬಂದಿದ್ದ ಆಫ್ತಾಬನ ಬೆರಳುಗಳು ತಾವಾಗಿಯೇ ಆ ನಡಿಗೆಯ ಲಯ ಹಿಡಿದವು. ಒಂದು ಗಟ್ಟಿ ಪೆಟ್ಟು, ಆಮೇಲೆ ಚರ್ಮದ ಮೇಲೆ ಕೈ ಸವರಿದ ಹಾಗೊಂದು ಸದ್ದು. ಕುಸುಮಳ ಮೈ ಜುಮ್ಮೆಂದಿತು. ನಾಟಕ ಇಲ್ಲಿದೆ ಅನ್ನಿಸಿತು.

ಕೂಟಗಲ್ಲಿನ ಕುಸುಮ ರಂಗಶಾಲೆಯಲ್ಲಿ ಕಲಿತು ಬಂದ ಮೇಲೆ ಬೇರೆಯವರ ಶಿಬಿರಗಳಲ್ಲಿ ದುಡಿದಿದ್ದಳೇ ಹೊರತು ತನ್ನದೇ ಎಂದು ನಡೆಸುತ್ತಿದ್ದುದು ಇದೇ ಮೊದಲು. ಕನಕಪುರದ ಶಾಲೆಯೊಂದರ ಸಭಾಂಗಣ ಬೇಸಿಗೆ ರಜೆಗೆಂದು ಸಿಕ್ಕಿತ್ತು. ಹಾರೋಹಳ್ಳಿ, ಮರಳವಾಡಿ ಕಡೆಯಿಂದೆಲ್ಲ ಮಕ್ಕಳು ಬಸ್ಸು ಹತ್ತಿ ಬರುತ್ತಿದ್ದರು. ಸಿದ್ಧ ನಾಟಕ ಬೇಡ, ಮಕ್ಕಳ ಬದುಕಿನಿಂದಲೇ ನಾಟಕ ಹುಟ್ಟಲಿ ಎಂಬುದು ಅವಳ ಆಸೆ. ಅದಕ್ಕೇ ಆ ಬೆಳಿಗ್ಗೆ, "ನಿಮ್ಮ ಮನೇಲಿ ನಡೆದದ್ದನ್ನ ಮಾಡಿ ತೋರಿಸಿ. ನಾಚಿಕೆ ಪಟ್ಟುಕೊಳ್ಳೋರಿಗೆ ಇಲ್ಲಿ ಜಾಗ ಇಲ್ಲ" ಎಂದಿದ್ದಳು.

ಆ ನಡಿಗೆ ಯಾರದೆಂದು ಅವಳು ನವ್ಯಶ್ರೀಯನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ ಎಂಬುದು ಒಳಗೆಲ್ಲೋ ಗೊತ್ತಿತ್ತು. ಆ ದೃಶ್ಯವನ್ನು ಹಿಗ್ಗಿಸಿದಳು. ಗಂಡಿನ ಕಡೆಯವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ಹೋಗುತ್ತಾರೆ. ಪ್ರತಿ ಸಲವೂ ಹುಡುಗಿ ತಟ್ಟೆ ಹಿಡಿದು ಕಾಲೆಳೆದು ಬರುತ್ತಾಳೆ, ಪ್ರತಿ ಸಲವೂ ತಮಟೆ ಇನ್ನಷ್ಟು ಜೋರಾಗುತ್ತದೆ. ಕೊನೆಗೆ ಹುಡುಗಿ ಕಾಫಿಯನ್ನೆಲ್ಲ ತಾನೇ ಕುಡಿದು ತಟ್ಟೆ ಎಸೆಯುತ್ತಾಳೆ. ಇದು ಹೆಣ್ಣಿನ ಪರವಾದ ನಾಟಕ ಎಂದು ಕುಸುಮ ಆಫ್ತಾಬನಿಗೆ ವಿವರಿಸಿದಳು. ಅವನು ಬೇಡ ಎನ್ನಲಿಲ್ಲ.

ಪ್ರದರ್ಶನಕ್ಕೆ ಇನ್ನೇನು ಒಂದೆರಡು ದಿನ ಇದ್ದಾಗ ಮಕ್ಕಳ ಲಂಗ, ಅಂಗಿಗಳನ್ನು ತೆಗೆದುಕೊಂಡು ಒಬ್ಬ ಹೆಂಗಸು ಬಂದಳು. ಮರಳವಾಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನವ್ಯಶ್ರೀಯ ಅಕ್ಕ ಧನಲಕ್ಷ್ಮಿ. ಬಟ್ಟೆ ತಂದುಕೊಟ್ಟರೆ ಸಾಕು, ಅಕ್ಕನೇ ಹೊಲಿದುಕೊಡುತ್ತಾಳೆ ಎಂದು ನವ್ಯಶ್ರೀಯೇ ಒಪ್ಪಿಸಿದ್ದಳು. ಧನಲಕ್ಷ್ಮಿ ಗಂಟು ಹೊತ್ತು ಬಿಸಿಲಲ್ಲಿ ಶಾಲೆಯ ಬಯಲು ದಾಟಿ ಬರುವಾಗ ಜಗಲಿಯ ಮೇಲಿದ್ದ ಮಕ್ಕಳ ಗಲಾಟೆ ತಾನಾಗಿಯೇ ನಿಂತಿತು. ಬಲಗಾಲು ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ಒಂದು ಮಗು ಕಿಸಕ್ಕೆಂದಿತು. ನವ್ಯಶ್ರೀ ನೀರಿನ ಡ್ರಮ್ಮಿನ ಹಿಂದೆ ಹೋಗಿ ನಿಂತಳು.

"ಬಟ್ಟೆ ಸರಿ ಹೋಯ್ತವಾ ನೋಡಿ ಮೇಡಂ. ನಮ್ ಪುಟ್ಟೀದು ಲಂಗಕ್ಕೆ ಅಂಚು ಒಸಿ ಜಾಸ್ತಿ ಇಟ್ಟಿವ್ನಿ, ಬೆಳೆಯೋ ಮಗ" ಎಂದಳು ಧನಲಕ್ಷ್ಮಿ. "ನಾಟ್ಕಕ್ಕೆ ನಾನೂ ಬತ್ತೀನಿ. ಅಪ್ಪ ಕುರಿ ಹೊಡ್ಕಂಡ್ ಹೋಯ್ತಾನೆ, ಅವ್ವಂಗೆ ಮನೆ ಬುಡಕ್ಕಾಗಲ್ಲ. ಮನೇಲಿ ನಾನೊಬ್ಳಾದ್ರೂ ನೋಡ್ಬೇಕಲ್ಲ, ಏನ್ ಕಲ್ತವ್ಳೋ ಅಂತ."

ಅವಳು ಹೋದ ಮೇಲೆ ನವ್ಯಶ್ರೀ ಕುಸುಮಳ ದುಪಟ್ಟದ ತುದಿ ಹಿಡಿದಳು. "ಮಿಸ್, ಅಕ್ಕ ಬತ್ತಾಳೆ. ನಾನು ನೆಟ್ಟಗೆ ನಡೀಲಾ?"

ಬೆಂಗಳೂರಿನಿಂದ ಹಿರಿಯ ನಿರ್ದೇಶಕರೊಬ್ಬರು ನೋಡಲು ಬರುವವರಿದ್ದರು. ಅವರಿಗೆ ಮೆಚ್ಚಿಗೆಯಾದರೆ ನಾಟಕ ಮಕ್ಕಳ ರಂಗೋತ್ಸವಕ್ಕೆ ಹೋಗುತ್ತಿತ್ತು. ಕುಸುಮ ಹುಡುಗಿಯ ಮುಂದೆ ಮೊಣಕಾಲೂರಿ ಕೂತಳು. "ನೋಡು ಚಿನ್ನ, ಪಾತ್ರ ಬೇರೆ, ಅಕ್ಕ ಬೇರೆ. ಅಕ್ಕಂಗೂ ಗೊತ್ತಾಗುತ್ತೆ ಇದು ಆಟ ಅಂತ. ನೆಟ್ಟಗೆ ನಡೆದ್ರೆ ಆ ದೃಶ್ಯಾನೇ ಇರಲ್ಲ. ನೀನು ಧೈರ್ಯವಂತೆ ಅಲ್ವಾ?"

ನವ್ಯಶ್ರೀ ತಲೆಯಾಡಿಸಿದಳು. ದುಪಟ್ಟ ಬಿಡಲಿಲ್ಲ. ಕುಸುಮಳೇ ಅವಳ ಬೆರಳು ಬಿಡಿಸಿದಳು.

"ತಮಟೆ ತೆಗೆದುಬಿಡೋಣ್ವಾ?" ಎಂದ ಆಫ್ತಾಬ್, ಅವಳ ಮುಖ ನೋಡದೆ.

"ಈಗ ಏನೂ ಬದಲಾಯಿಸೋದು ಬೇಡ" ಎಂದಳು ಕುಸುಮ. ಆದರೂ ಮನಸ್ಸಿಗೆ ಚುಚ್ಚುತ್ತಿತ್ತು. ಅದನ್ನು ಸುಮ್ಮನಾಗಿಸಲು ಒಂದು ದಾರಿ ಹುಡುಕಿಕೊಂಡಳು. ನಾಟಕದ ಕೊನೆಗೆ ಬಟ್ಟೆ ಹೊಲಿದುಕೊಟ್ಟ ಧನಲಕ್ಷ್ಮಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಕು. ಹಾಗೆಂದು ನಿರೂಪಣೆ ಮಾಡುವ ಡ್ರಿಲ್ ಮೇಷ್ಟ್ರು ಜಯಕುಮಾರರಿಗೆ ಹೇಳಿಯೂ ಬಂದಳು.

ಆ ಸಂಜೆ ಸಭಾಂಗಣ ತುಂಬಿತ್ತು. ಧನಲಕ್ಷ್ಮಿ ತುಸು ಬೇಗನೆ, ಜನ ಸೇರುವ ಮುಂಚೆಯೇ ಬಂದು ಕೂತಿದ್ದಳು. ಕುಸುಮಳೇ ಅವಳನ್ನು ಎಬ್ಬಿಸಿ ಮುಂದಿನ ಸಾಲಿನಲ್ಲಿ ನಿರ್ದೇಶಕರ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಮಾವಿನ ಬಣ್ಣದ ಸೀರೆ, ಮುಡಿ ತುಂಬ ಕನಕಾಂಬರ.

ಹೆಣ್ಣು ನೋಡುವ ದೃಶ್ಯ ಬಂತು. ನವ್ಯಶ್ರೀ ತಟ್ಟೆ ಹಿಡಿದು ಪರದೆಯ ಸಂದಿಯಿಂದ ಹೊರಬಂದವಳು ಮುಂದಿನ ಸಾಲು ನೋಡಿದಳು. ನೆಟ್ಟಗೆ ನಡೆದಳು. ತಮಟೆಯ ಮೊದಲ ಪೆಟ್ಟು ಬಿದ್ದು, ಮುಂದಿನದು ಬರಲಿಲ್ಲ. ಗಂಡಿನ ಕಡೆಯವರಾಗಿ ಕೂತಿದ್ದ ಮಕ್ಕಳು ಮುಂದಿನ ಮಾತು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಸಭೆಯಲ್ಲಿ ಯಾರೋ ಕೆಮ್ಮಿದರು.

"ನವ್ಯಾ," ಪರದೆಯ ಮರೆಯಿಂದ ಕುಸುಮ ಪಿಸುಗುಟ್ಟಿದಳು. "ಕಾಲು!"

ಹುಡುಗಿ ಪರದೆಯತ್ತ ನೋಡಿದಳು. ಕುಸುಮ ಇನ್ನೊಮ್ಮೆ, ತುಟಿಯಷ್ಟೇ ಅಲ್ಲಾಡಿಸಿ ಹೇಳಿದಳು. ನವ್ಯಶ್ರೀ ಬಲಗಾಲನ್ನು ನೆಲದ ಮೇಲೆ ಎಳೆದಳು. ತಮಟೆ ಲಯ ಹಿಡಿಯಿತು. ಸಭಾಂಗಣ ನಗುವಿನಲ್ಲಿ ಒಡೆದುಹೋಯಿತು. ಆಮೇಲೆ ಅವಳು ಎಲ್ಲಿಯೂ ತಪ್ಪಲಿಲ್ಲ. ಅಭ್ಯಾಸದಲ್ಲಿ ಎಂದೂ ಮಾಡದಷ್ಟು ಚೆನ್ನಾಗಿ ಮಾಡಿದಳು. ನಿರ್ದೇಶಕರು ತೊಡೆ ತಟ್ಟಿ ನಗುತ್ತಿದ್ದರು. ಪಕ್ಕದಲ್ಲಿ ಧನಲಕ್ಷ್ಮಿಯೂ ನಗುತ್ತಿದ್ದಳು. ಎಲ್ಲರೂ ನಗುವಾಗ ನಗದಿದ್ದರೆ ಜನ ತಿರುಗಿ ನೋಡುತ್ತಾರೆಂಬ ಹೆದರಿಕೆಯಲ್ಲಿ ನಗುವವರ ನಗು ಅದು. ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡಿದ್ದಳು.

ನಾಟಕ ಮುಗಿಯಿತು. ಚಪ್ಪಾಳೆಯ ನಡುವೆ ಕುಸುಮಳಿಗೆ ತಟ್ಟನೆ ಶಾಲಿನ ನೆನಪಾಯಿತು. ಜಯಕುಮಾರರನ್ನು ತಡೆಯಲು ಓಡಿದಳು. ಅಷ್ಟರಲ್ಲಿ ಅವರು ಮೈಕಿನ ಮುಂದಿದ್ದರು. "ಈ ಮಕ್ಕಳ ಬಣ್ಣ ಬಣ್ಣದ ಉಡುಪನ್ನ ಪ್ರೀತಿಯಿಂದ ಹೊಲಿದುಕೊಟ್ಟ, ನಮ್ಮ ನವ್ಯಶ್ರೀಯ ಅಕ್ಕ ಧನಲಕ್ಷ್ಮಿಯವರು ದಯವಿಟ್ಟು ವೇದಿಕೆಗೆ ಬರಬೇಕು!"

ಧನಲಕ್ಷ್ಮಿ ಏಳಲಿಲ್ಲ. ಜಯಕುಮಾರರು ಮತ್ತೆ ಕರೆದರು. ನಿರ್ದೇಶಕರು "ಹೋಗಮ್ಮ, ಹೋಗು" ಎಂದು ಎಬ್ಬಿಸಿದರು. ಅವಳು ಸೆರಗು ಹೊದ್ದು ಎದ್ದು ಹೆಜ್ಜೆಯಿಟ್ಟಳು. ಹಿಂದಿನ ಸಾಲಿನ ಮಕ್ಕಳ ಗುಂಪಿನಿಂದ ಒಂದು ಚಪ್ಪಾಳೆ ಬಂತು, ಅವಳ ಹೆಜ್ಜೆಗೆ ಸರಿಯಾಗಿ. ನಾಟಕ ಇನ್ನೂ ನಡೆಯುತ್ತಿದೆ ಎಂದುಕೊಂಡವೋ ಏನೋ, ಇನ್ನಷ್ಟು ಕೈಗಳು ಸೇರಿಕೊಂಡವು. ಒಂದು ಗಟ್ಟಿ ಪೆಟ್ಟು, ಒಂದು ಸವರು. ದೊಡ್ಡವರಲ್ಲಿ ಕೆಲವರು ನಕ್ಕರು, ಕೆಲವರು ಅರ್ಥವಾಗಿ ಸುಮ್ಮನಾದರು, ಒಬ್ಬ ತಾಯಿ ತನ್ನ ಮಗನ ಕೈಗೆ ಹೊಡೆದಳು. ಚಪ್ಪಾಳೆ ಅಲ್ಲಲ್ಲಿ ಉದುರಿ ನಿಂತಿತು. ಆಮೇಲಿನ ಮೌನದಲ್ಲಿ ಅವಳು ಮೆಟ್ಟಿಲು ಹತ್ತುವ ಸದ್ದು ಮಾತ್ರ ಕೇಳಿಸಿತು.

ಕುಸುಮ ಶಾಲು ಹೊದಿಸಿದಳು. ಧನಲಕ್ಷ್ಮಿ ಅವಳಿಗಷ್ಟೇ ಕೇಳುವಂತೆ, "ಇಳಿಯಕ್ಕೆ ಹಿಂದ್ಲಿಂದ ಮೆಟ್ಲು ಐತಾ ಮೇಡಂ?" ಎಂದಳು.

ಮರುವಾರ ನಿರ್ದೇಶಕರ ಫೋನು ಬಂತು. ನಾಟಕ ಉತ್ಸವಕ್ಕೆ ಆಯ್ಕೆಯಾಗಿತ್ತು. "ಆ ಕಾಲೆಳೆಯೋ ಹುಡುಗಿ ಇದಾಳಲ್ಲ, ಅವಳೇ ನಾಟಕ" ಎಂದರು. ಆ ದೃಶ್ಯ ಇನ್ನು ಇರುವುದಿಲ್ಲ ಎಂದಳು ಕುಸುಮ. ಹಾಗಾದರೆ ಮತ್ತೆ ಯೋಚಿಸಬೇಕಾಗುತ್ತದೆ ಎಂದು ಅವರು ಫೋನಿಟ್ಟರು. ಯಾರಿಗೋ ಏನನ್ನೋ ತೀರಿಸಿದೆ ಎಂಬ ಸಮಾಧಾನ ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಮರುದಿನ ಮರಳವಾಡಿಯ ಬಸ್ಸು ಹತ್ತಿದಳು.

ಮನೆಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಅವ್ವ ಪುಟ್ಟಲಕ್ಷ್ಮಮ್ಮ ಸಂಭ್ರಮದಿಂದ ಎದ್ದಳು. "ಬನ್ನಿ ಮೇಡಂ, ಬನ್ನಿ! ನಮ್ ಹುಡ್ಗಿ ಅಷ್ಟ್ ಚೆಂದಾಗ್ ಮಾಡುದ್ಲಂತೆ! ಜನ ನಕ್ಕೂ ನಕ್ಕೂ ಸುಸ್ತಾದ್ರಂತೆ? ಏನ್ ಕಥೆ ಅಂತ ಇಬ್ರೂ ಬಾಯ್ ಬುಡ್ತಾ ಇಲ್ಲ." ಕುಸುಮ ಬಂದದ್ದು ಒಳಗೆ ಕೇಳಿದ್ದೇ ಹಿತ್ತಲ ಬಾಗಿಲು ಧಡಾರೆಂದು ಬಡಿದುಕೊಂಡಿತು. "ನೋಡಿ, ಓಡೋದ್ಲು ನಮ್ ಪುಟ್ಟಿ. ಈಚೀಚ್ಗೆ ಹಿಂಗೇಯ."

ಧನಲಕ್ಷ್ಮಿ ಹೊಲಿಗೆ ಮಿಷನ್ನಿನ ಮುಂದಿದ್ದಳು. ಅವ್ವ ಕಾಫಿಗೆಂದು ಒಳಹೋದ ಮೇಲೆ ಕುಸುಮ, "ನನ್ನಿಂದ ತಪ್ಪಾಯ್ತು. ನವ್ಯ ಬೇಡ ಅಂದಿದ್ಲು, ನಾನೇ ಮಾಡಿಸಿದ್ದು" ಎಂದಳು.

ಮಿಷನ್ನು ಒಂದು ತೋಳಿನ ಅಂಚು ಮುಗಿಸಿ ನಿಂತಿತು.

"ಬೇಡ ಅಂದಿದ್ಲಾ?" ಧನಲಕ್ಷ್ಮಿ ಹಿತ್ತಲ ಕಡೆ ನೋಡಿದಳು. "ನಂಗೆ ಹೇಳ್ನೇ ಇಲ್ಲ. ಜನ ನಗದು ನಂಗೇನ್ ಹೊಸದಲ್ಲ, ಬುಡಿ. ಮೊದ್ಲೆಲ್ಲ ಅಂಗಡಿಗೆ ಹೋದ್ರೂ ನನ್ ಕೈ ಹಿಡ್ಕಂಡೇ ಬರಳು. ಈಗ ಅಕ್ಕ ನೀ ಬಾ ಅಂತ ಮುಂದೆ ಓಡೋಯ್ತಾಳೆ. ನನ್ ಪಕ್ಕ ನಡಿಯಕ್ಕೇ ಹೆದರ್ತಾಳೆ." ದಾರ ಕಡಿಯಲು ಬಾಗಿದವಳು ಹಾಗೇ ಬಾಗಿಕೊಂಡಿದ್ದಳು. "ಅದ್ನ ಹೆಂಗ್ ಸರಿ ಮಾಡ್ತೀರಿ ಮೇಡಂ? ಹೇಳಿ, ಮಾಡನ."

ಕುಸುಮ ಎದ್ದಳು. ಹಿತ್ತಲಿಗೆ ಹೋಗಿ ನವ್ಯಶ್ರೀಯನ್ನು ಕರೆದಳು. ಹುಡುಗಿ ಹುಲ್ಲಿನ ಮೆದೆಯ ಹಿಂದಿದ್ದುದು ಗೊತ್ತಾಗುತ್ತಿತ್ತು. "ತಪ್ಪು ನಂದು ಕಣೇ, ನಿಂದಲ್ಲ. ಅಕ್ಕಂಗೂ ಹೇಳಿದೀನಿ" ಎಂದು ಮೆದೆಗೆ ಹೇಳಿದಳು. ಯಾರೂ ಹೊರಬರಲಿಲ್ಲ.

ಪುಟ್ಟಲಕ್ಷ್ಮಮ್ಮ ಕೇಳಲಿಲ್ಲ, ಬಸ್ಸಿನವರೆಗೆ ಮೇಡಮ್ಮನ್ನು ಕಳಿಸಿಕೊಟ್ಟು ಬಾ ಎಂದು ಧನಲಕ್ಷ್ಮಿಯನ್ನು ಹೊರಡಿಸಿದಳು. ಇಬ್ಬರೂ ರಸ್ತೆಗಿಳಿದರು. ಮಕ್ಕಳಿಗೆ ಮುದುಕರ ನಡಿಗೆ, ದೊರೆಯ ನಡಿಗೆ, ಕಳ್ಳನ ನಡಿಗೆ ಎಂದು ಹೇಳಿಕೊಟ್ಟಿದ್ದ ಕುಸುಮಳಿಗೆ ಹೇಗೆ ನಡೆಯಬೇಕೆಂದೇ ತಿಳಿಯಲಿಲ್ಲ. ನಿಧಾನಿಸಿದರೆ ಕಾಲು ನೋಡಿ ನಿಧಾನಿಸಿದಂತೆ, ಎಂದಿನಂತೆ ನಡೆದರೆ ಬಿಟ್ಟುಹೋದಂತೆ. ಬೇಲಿ, ಹೊಲ, ವಿದ್ಯುತ್ ಕಂಬ ಎಂದು ನೆಲವೊಂದನ್ನು ಬಿಟ್ಟು ಎಲ್ಲವನ್ನೂ ನೋಡುತ್ತಾ ನಡೆದಳು. ಕಿವಿಗಳನ್ನು ಮಾತ್ರ ಏನೂ ಮಾಡಲಾಗಲಿಲ್ಲ.

ಬಸ್ಸು ಬಂತು. ಕಿಟಕಿ ಪಕ್ಕ ಕೂತು ಕೈ ಮುಗಿದಳು. ಧನಲಕ್ಷ್ಮಿಯೂ ಮುಗಿದಳು. ಬಸ್ಸು ಹೊರಟರೂ ಅವಳು ಊರಿನ ಕಡೆ ತಿರುಗಲಿಲ್ಲ. ಬೇವಿನ ಮರದ ಕೆಳಗೆ ಎರಡೂ ಕಾಲು ಜೋಡಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಾ ನಿಂತಿದ್ದಳು.