ಹಾಜಿಯ ಜೇಬಿನಲ್ಲಿ ಊರಿನ ಕಾರುಗಳು

ಹಾಜಿ ಬರ್ಜಸ್ ಮುಂದೆ, ಮಿತ್ಖಾಲ್ ಹಿಂದೆ. ರಾಜಿ ಕೇಳಲು ಹೊರಟ ಹಿರಿಯರ ಗುಂಪು ಗಾಯಗೊಂಡವನ ಅಣ್ಣ ಫಲಾಹನ ಮನೆಯ ಹಜಾರ ಹೊಕ್ಕಿದ್ದು ಹೀಗೆ. ಮಿತ್ಖಾಲನ ಮೈಯೆಲ್ಲ ಉರಿಯುತ್ತಿತ್ತು. ಯಾರ ದೆಸೆಯಿಂದ ತನ್ನ ಮಗಳು ಪೊಲೀಸ್ ಠಾಣೆಯಲ್ಲಿ ಕೂತಿದ್ದಾಳೋ ಆ ಹಾಜಿಯೇ ಅವಳ ಪರವಾಗಿ ಕ್ಷಮೆ ಕೇಳಲು ಬಂದಿದ್ದ! ಇದಕ್ಕಿಂತ ಬೇಲಿಯೇ ಎದ್ದು ಹೊಲ ಮೇಯುವುದು ವಾಸಿ. ಮೇಯ್ದ ಬೇಲಿ ಹೊಲದ ಪರವಾಗಿ ಪಂಚಾಯಿತಿಗೆ ಬಂದು ಕೂರುವುದಿಲ್ಲ.

ಅರಬ್ ನಾಡಿನ ಸಲ್ತ್ ಊರಿಗೆಲ್ಲ ದೊಡ್ಡ ಕಾರು ವ್ಯಾಪಾರಿ ಈ ಹಾಜಿ. ಚೀನಾದವರು ತಮ್ಮ ಮಂದಿಗೆಂದು ಮಾಡಿಕೊಂಡ ಕರೆಂಟಿನ ಕಾರುಗಳನ್ನು ಅಗ್ಗಕ್ಕೆ ತರಿಸಿ ಮಾರುತ್ತಿದ್ದ. ಸದಾ ಇಂಟರ್ನೆಟ್ಟಿಗೆ ಅಂಟಿಕೊಂಡೇ ಇರುವ ಕಾರುಗಳು ಅವು. ಕಂಪನಿಯ ಅಧಿಕೃತ ಶೋರೂಮಿನವರು ಅವನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಅಷ್ಟೂ ಕಾರು ಹಾಜಿಯ ಒಂದೇ ಖಾತೆಯಲ್ಲಿ, ಒಂದೇ ಪಾಸ್‌ವರ್ಡಿನ ಕೆಳಗಿದ್ದವು. ಬೀಗ ತೆರೆಯುವುದು, ಹಾಕುವುದು, ಹೊಸ ಸಾಫ್ಟ್‌ವೇರ್ ಇಳಿಸುವುದು ಎಲ್ಲ ಅವನ ಫೋನಿನಿಂದಲೇ. ದುಡ್ಡು ಕೊಟ್ಟವರು ಸ್ಟೀರಿಂಗ್ ಹಿಡಿಯುತ್ತಿದ್ದರು, ಕಾರು ಮಾತ್ರ ಅವನ ಜೇಬಿನಲ್ಲಿತ್ತು. ಜನ ಇದಕ್ಕೆ ಒಳ್ಳೆಯ ಸರ್ವೀಸ್ ಎಂದು ಹೆಸರಿಟ್ಟಿದ್ದರು.

ಮಿತ್ಖಾಲ್ ಕಸಾಯಿ, ಅವನ ಮಗಳು ಜುಮಾನ ಆಸ್ಪತ್ರೆಯಲ್ಲಿ ನರ್ಸ್. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಇಳಿಜಾರಿನಲ್ಲಿ ಹೋಗುತ್ತಿದ್ದಾಗ, ಹಾಜಿಯಿಂದಲೇ ಕೊಂಡ ಕಾರಿನ ಪರದೆ ಕಪ್ಪಾಗಿ ಚೀನೀ ಅಕ್ಷರ ಮೂಡಿತು, ಬ್ರೇಕು ಕಲ್ಲಾಯಿತು. ಮೈಭಾರವನ್ನೆಲ್ಲ ಹಾಕಿ ತುಳಿದರೂ ಕಾರು ನಿಲ್ಲಲಿಲ್ಲ. ರಸ್ತೆ ಬದಿಯಲ್ಲಿ ಸೌತೆಕಾಯಿ ಮಾರುತ್ತಿದ್ದ ಔದಾನ ಕಾಲು ಮುರಿಯಿತು. ನಿಂತ ಕಾರಿಗೆ ಮಾತ್ರ ಕಳಿಸಬೇಕಾದ ಸಾಫ್ಟ್‌ವೇರನ್ನು ಹಾಜಿಯ ಅಳಿಯ ನೋಡದೆ ಓಡುವ ಕಾರಿಗೆ ಒತ್ತಿಬಿಟ್ಟಿದ್ದನಂತೆ. ಹಾಗೆಂದು ಹಾಜಿಯ ಅಂಗಡಿಯ ಮೆಕ್ಯಾನಿಕ್ಕೇ ಮಿತ್ಖಾಲನ ಕಿವಿಯಲ್ಲಿ ಉಸುರಿದ್ದ. ಸಾಕ್ಷಿ ಹೇಳು ಎಂದಾಗ ಅವನಿಗೆ ಹೆಂಡತಿ ಮಕ್ಕಳ ನೆನಪಾಯಿತು. ಪೊಲೀಸರು ಕಾರನ್ನು ತೆರೆದು ನೋಡಿದರೆ ಅದರ ನೆನಪೆಲ್ಲ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಹೆಣ್ಣುಮಗಳಲ್ವಾ, ಗಾಬರೀಲಿ ಯಾವ್ದನ್ನೋ ತುಳಿದಿದ್ದಾಳೆ," ಎಂದು ಹಾಜಿ ಊರೆಲ್ಲ ಹೇಳಿಕೊಂಡು ಬಂದ. ಊರೂ ತಲೆಯಾಡಿಸಿತು.

ಊರಿನ ರೂಢಿಯಂತೆ, ಗಾಯಗೊಂಡವನ ಮನೆಗೆ ಹಿರಿಯರು ಹೋಗಿ, ತಪ್ಪೊಪ್ಪಿಕೊಂಡು, ರಾಜಿ ಪಡೆದರೆ ಠಾಣೆಯಿಂದ ಬಿಡುಗಡೆ. ಜುಮಾನ ಮಾತ್ರ ಅಪ್ಪನ ಕೈ ಹಿಡಿದು ಹೇಳಿದ್ದಳು: "ನನ್ನ ತಪ್ಪು ಅಂತ ಒಪ್ಕೊಂಡು ನನ್ನ ಬಿಡಿಸ್ಬೇಡಿ ಅಪ್ಪಾ. ಆಮೇಲೆ ಸಾಯೋವರೆಗೂ ನಾನು ಔದಾನ ಕಾಲು ಮುರಿದೋಳೇ ಆಗಿರ್ತೀನಿ." ಮಿತ್ಖಾಲನ ಅಣ್ಣ ಝಯ್ಯಾದ್ ಕೇಳಬೇಕಲ್ಲ. ಹುಡುಗಿ ಮೊದಲು ಮನೆಗೆ ಬರಲಿ, ಮಾನ ಆಮೇಲೆ ನೋಡಿಕೊಳ್ಳೋಣ ಎಂದು, ಊರಿನ ದೊಡ್ಡ ಮನುಷ್ಯನಾದ ಹಾಜಿಯನ್ನೇ ಮುಂದಿಟ್ಟುಕೊಂಡು, ತಮ್ಮನನ್ನು ಎಳೆದುಕೊಂಡೇ ಬಂದಿದ್ದ.

ಫಲಾಹ್ ಔದಾನ ಅಣ್ಣ, ಮಾತು ಕಡಿಮೆ. ಎಲ್ಲರಿಗೂ ಕಹಿ ಕಾಫಿ ಬಂತು. ಹಾಜಿ ತನ್ನ ಬಟ್ಟಲನ್ನು ಮುಟ್ಟದೆ ನೆಲದ ಮೇಲಿಟ್ಟ. ಕೇಳಿದ್ದನ್ನು ಮನೆಯವರು ಕೊಡುವವರೆಗೆ ಬಂದವರು ಕಾಫಿ ಕುಡಿಯುವಂತಿಲ್ಲ.

"ಫಲಾಹಣ್ಣಾ, ನಮ್ಮ ಹುಡುಗಿ ತಪ್ಪು ಮಾಡಿದ್ಳು," ಎಂದು ಹಾಜಿ ಗಂಟಲು ತುಂಬಿಸಿಕೊಂಡು ಶುರುಮಾಡಿದ. "ಒಪ್ಕೋತೀವಿ. ಔದಾನ ಆಸ್ಪತ್ರೆ ಖರ್ಚು ನನಗಿರ್ಲಿ. ಈ ಬಿಳಿಗಡ್ಡಗಳ ಮುಖ ನೋಡಿ ರಾಜಿ ಕೊಡಿ."

"ಕೊಟ್ಟೆ. ಕಾಫಿ ತಗೊಳ್ಳಿ," ಎಂದ ಫಲಾಹ್.

ಎಲ್ಲರ ಕೈ ಬಟ್ಟಲಿಗೆ ಹೋಯಿತು. ಮಿತ್ಖಾಲನ ಕೈ ಹೋಗಲಿಲ್ಲ.

"ನಾನು ಕುಡಿಯಲ್ಲ. ಹಾಜಿಯವ್ರೇ, ದೇವರ ಮೇಲೆ ಆಣೆ ಮಾಡಿ ಹೇಳಿ. ಸೋಮವಾರ ನಿಮ್ಮ ಅಂಗಡಿಯಿಂದ ನನ್ನ ಮಗಳ ಕಾರಿಗೆ ಏನೂ ಹೋಗಿಲ್ಲ ಅಂತ."

"ಕುರಿ ಕಡಿಯೋನಿಗೆ ಕಂಪ್ಯೂಟರ್ ಉಸಾಬರಿ ಯಾಕಪ್ಪಾ?"

"ಕುರಿ ಕಡಿಯೋನು ನಾನೇ ಕಡಿದೆ ಅಂತ ಒಪ್ಕೋತಾನೆ. ನೀವು ಒಪ್ಕೊಳ್ಳಿ ನೋಡೋಣ."

ಹಾಜಿಯ ಮುಖ ಕೆಂಪೇರಿತು. "ಕೇಳಿ ಎಲ್ರೂ. ಓನರು ಕೇಳದೆ ನಾನು ಯಾರ ಕಾರಿಗೂ ಕೈ ಹಾಕಿದವನಲ್ಲ. ಹಾಕಕ್ಕೆ ಆಗೋದೂ ಇಲ್ಲ. ನಾನೇನು ಜಿನ್ನು-ಭೂತಾನಾ?"

"ಆಣೆ ಮಾಡಿ ಅಂದೆ, ಭಾಷಣ ಮಾಡಿ ಅನ್ಲಿಲ್ಲ."

"ಕೂತ್ಕೊಳ್ಳೋ ಮಿತ್ಖಾಲ್!" ಝಯ್ಯಾದ್ ಗದರಿದ. "ಆಗಿರೋ ಕೆಲಸ ಕೆಡಿಸ್ಬೇಡ." ನಾಲ್ಕಾರು ಗಡ್ಡಗಳು ಹೌದು ಹೌದು ಎಂದು ಅಲುಗಿದವು. ಮಗಳನ್ನು ಎತ್ತಿ ಆಡಿಸಿದ ದೊಡ್ಡಪ್ಪ ಚಿಕ್ಕಪ್ಪಂದಿರೇ ಅವರೆಲ್ಲ. ಮಿತ್ಖಾಲನಿಗೆ ಹಾಜಿಯ ಮೇಲಿದ್ದಷ್ಟೇ ಸಿಟ್ಟು ಅವರ ಮೇಲೂ ಬಂತು.

ಹಾಜಿ ಮೇಲಂಗಿ ಕೊಡವಿ ಎದ್ದ. "ನಾನು ಕೊಟ್ಟ ಕಾರಲ್ಲೇ ಕೂತು ಬಂದು ನನಗೇ ಉಗೀತೀರಾ? ನಿಮ್ಮ ಮರ್ಯಾದೆ ನೀವೇ ಹೊತ್ಕೊಂಡು ನಡೀರಿ ಮನೆಗೆ!" ಎಂದವನೇ ಹೊರಟುಹೋದ.

"ಕೇಳಿದವ್ರೇ ಎದ್ದುಹೋದ್ಮೇಲೆ ಕೊಟ್ಟ ಮಾತು ಯಾರಿಗೆ?" ಎಂದ ಫಲಾಹ್. ರಾಜಿ ಮುರಿಯಿತು. ಜುಮಾನ ಇನ್ನಷ್ಟು ದಿನ ಠಾಣೆಯಲ್ಲೇ.

ಮಗಳ ಶತ್ರು ನೀನೇ, ನಾಲಿಗೆ ಕತ್ತರಿಸಿಕೋ ಎಂದು ಅಣ್ಣ, ಹಟಮಾರಿ ಎಂದು ಉಳಿದವರು ಮಿತ್ಖಾಲನನ್ನು ಬೈಯುತ್ತಲೇ ಹೊರಬಂದರು. ಝಯ್ಯಾದ್ ಕಾರಿನ ಹಿಡಿ ಎಳೆದ. ಬರಲಿಲ್ಲ. ಕೀ ಒತ್ತಿದ. ಉಸಿರಿಲ್ಲ. ಪಕ್ಕದ ಕಾರಿಗೂ ಅದೇ ಗತಿ, ಅದರಾಚೆಯದಕ್ಕೂ. ಹಾಜಿಯಿಂದ ಕೊಂಡ ಅಷ್ಟೂ ಕಾರುಗಳು ಬೀಗ ಜಡಿದುಕೊಂಡು ನಿಂತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಹಾಜಿ ಸಿಟ್ಟಿನ ಭರದಲ್ಲಿ ಕುಂಬಳಕಾಯಿಯನ್ನೇ ಇಳಿಸಿ ಎಲ್ಲರ ಮುಂದಿಟ್ಟು ಹೋಗಿದ್ದ.

"ಕಳ್ಳ ನನ್ಮಗ!" ಝಯ್ಯಾದ್ ಬೊಬ್ಬೆ ಹೊಡೆದ. "ನನ್ನ ಕಾರು! ನಾನು ಕೇಳದೆ ನನ್ನ ಕಾರಿಗೆ ಬೀಗ ಹಾಕಿದ್ದಾನೆ!" ಒಬ್ಬ ಬಾಗಿಲು ಒದ್ದ. ಇನ್ನೊಬ್ಬ ಪೊಲೀಸರಿಗೆ ಫೋನು ಹಚ್ಚಿದ. ಆಗ ತಲೆಯಾಡಿಸಿದ್ದ ಗಡ್ಡಗಳೆಲ್ಲ ಈಗ ನ್ಯಾಯ ನ್ಯಾಯ ಎಂದು ಬೀದಿ ಎದ್ದುಹೋಗುವ ಹಾಗೆ ಕಿರುಚಿದವು.

ಗಲಾಟೆಗೆ ಫಲಾಹ್ ಹೊರಬಂದ. ಒಂದು ಕಾರಿನ ಹಿಡಿಯನ್ನು ತಾನೇ ಎಳೆದು ನೋಡಿದ. ಪಕ್ಕದ್ದನ್ನೂ ಎಳೆದ.

"ಮಿತ್ಖಾಲ್," ಎಂದ. "ನಿನ್ನ ಮಗಳಿಗೆ ರಾಜಿ ಕೊಟ್ಟೆ. ತಪ್ಪೊಪ್ಪಿಗೆ ಬೇಡ. ಅದನ್ನ ಕೊಡಬೇಕಾದವ್ನು ಬೇರೆ ಇದ್ದಾನೆ. ಠಾಣೆಗೆ ಈಗ್ಲೇ ನಾನೂ ಬರ್ತೀನಿ."

ಝಯ್ಯಾದ್ ಓಡಿಬಂದು ತಮ್ಮನ ಹೆಗಲು ತಬ್ಬಿದ. "ನೋಡಿದ್ಯಾ ತಮ್ಮಾ, ಎಂಥಾ ಮೋಸಗಾರ! ಬಿಡೋದು ಬೇಡ. ನಾವೆಲ್ಲ ನಿನ್ನ ಜೊತೆಗಿದ್ದೀವಿ."

ಮಿತ್ಖಾಲ್ ಅಣ್ಣನ ಕೈಯನ್ನು ಹೆಗಲಿಂದ ಇಳಿಸಿದ.

"ಹುಡುಗಿ ಬಾಯಿಬಿಟ್ಟು ಹೇಳಿದ್ಳಲ್ಲ ಅಣ್ಣಾ, ಆಗ ನಿಮಗೆ ಕೇಳಿಸ್ಲಿಲ್ಲ. ನಿಮ್ಮ ಕಾರಿನ ಬಾಗಿಲು ಬಾಯಿ ಬಿಡದಿದ್ದಾಗ ಕೇಳಿಸ್ತು."

ಫಲಾಹನ ಜೊತೆ ಅವನು ಠಾಣೆಯ ಕಡೆಗೆ ನಡೆದುಕೊಂಡೇ ಇಳಿದ. ಅಣ್ಣ ಹಿಂದಿನಿಂದ ಎರಡು ಸಲ ಕೂಗಿದ. ಮಿತ್ಖಾಲ್ ತಿರುಗಿ ನೋಡಲಿಲ್ಲ.