ಹುಲ್ಲಿಗೆ ಬಳಿದ ಬಣ್ಣ

"ಹುಲ್ಲಿಗೆ ಬಣ್ಣ ಬಳಿಲಾ ಅಂದ್ರೆ ಮುದ್ದಾಡ್ತಾ ಕೂತಿದ್ದೀಯೇನ್ಲಾ, ಬೋಳಿಮಗನೆ? ಬುಡ ಕಾಣ್ದಂಗೆ ಬಳಿ." ಸಾರ್ಜೆಂಟ್ ಕ್ರುಗ್ಲೊವ್ ಬೂಟುಗಾಲಲ್ಲಿ ಬೆನ್ನಿಗೆ ಒದ್ದ. ನನ್ನ ಕೈ ಮೊಣಕೈವರೆಗೂ ಬಕೆಟ್ಟಿನೊಳಗೆ ಹೋಯಿತು.

ಮಾರನೆಯ ದಿನ ಮಾಸ್ಕೋದಿಂದ ಜನರಲ್ ತಪಾಸಣೆಗೆ ಬರುವವನಿದ್ದ. ಆಮೂರ್ ನದಿ ತೀರದ ನಮ್ಮ ದಂಡಿನಲ್ಲಿ ಮೇ ತಿಂಗಳಲ್ಲೂ ಹುಲ್ಲು ಹಳದಿ. ಜನರಲ್ ಬರುತ್ತಾನೆಂದರೆ ಅದು ಹಸಿರಾಗಲೇಬೇಕು. ನಮ್ಮಪ್ಪನೂ ಸೈನ್ಯದಲ್ಲಿ ಇದನ್ನೇ ಮಾಡಿದ್ದ. ಸೋವಿಯತ್ ದೇಶ ಒಡೆದು ಹೆಸರು ಬದಲಾಗಿ ಒಂದೂವರೆ ವರ್ಷವಾಗಿತ್ತು, ಈ ಪದ್ಧತಿಯ ಕೂದಲೂ ಕೊಂಕಿರಲಿಲ್ಲ. ಬಣ್ಣ ಟ್ಯಾಂಕುಗಳದು. ಅವು ತುಕ್ಕು ಹಿಡಿದು ಶೆಡ್ಡಿನಲ್ಲಿ ನಿಂತಿದ್ದವು. ಡೀಸೆಲ್, ಪೆಟ್ರೋಲ್, ಡಬ್ಬಿ ಮಾಂಸ, ಎಲ್ಲವನ್ನೂ ಕರ್ನಲ್ ದುಬಾಸೊವ್ ಪೇಟೆಯ ವ್ಯಾಪಾರಿಗಳಿಗೆ ಸಾಗಿಸಿಯಾಗಿತ್ತು. ನಮಗೆ ಉಳಿದದ್ದು ಬಾರ್ಲಿ ಗಂಜಿ. ಗಂಜಿಯೆಲ್ಲಿ ಬಂತು, ಬಾರ್ಲಿ ತೊಳೆದ ನೀರು.

ಅದನ್ನು ಕುಡಿದೇ ಇಲ್ಗಿಜ್ ಮೂಳೆಚಕ್ಕಳವಾದ. ಟಾಟಾರ್ ಹಳ್ಳಿಯವನು, ನನ್ನ ಪಕ್ಕದ ಮಂಚದವನು. ದಂಡಿನ ಚಿಕಿತ್ಸಾಲಯ ಸೇರಿ ತಿಂಗಳಾಗಿತ್ತು. ದಿನಾ ಬೆಳಕು ಹರಿಯುವ ಮುಂಚೆ ಹಿಂದಿನ ಬೇಲಿಯವರೆಗೆ ತೆವಳಿ ಹುಳಿಸೊಪ್ಪು ತಿನ್ನುತ್ತಿದ್ದ. ಹಸಿವಿಗೆ ಕಣ್ಣು ಮಂಜಾಗಿತ್ತು, ತಡವಿ ತಡವಿ ಕೀಳುತ್ತಿದ್ದ. ಅದು ನನಗೊಬ್ಬನಿಗೇ ಗೊತ್ತಿತ್ತು.

ಬೇಲಿಯ ಆ ಮೂಲೆಯನ್ನು ಬಳಿಯದೆ ಬಿಟ್ಟಿದ್ದೆ. ಕ್ರುಗ್ಲೊವ್ ನೋಡಿಬಿಟ್ಟ, ಬಳಿಸಿದ. ಇಲ್ಗಿಜ್‌ಗೆ ಒಂದು ಮಾತು ಹೇಳಬೇಕಿತ್ತು. ರಾತ್ರಿ ಸುಮ್ಮನೆ ಬೆನ್ನು ಚಾಚಿದವನಿಗೆ ನಿದ್ದೆ ಹತ್ತಿಬಿಟ್ಟಿತು. ಆ ನಿದ್ದೆ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇಡೀ ದಂಡೇ ಬಣ್ಣದ ವಾಸನೆ ಹೊಡೆಯುತ್ತಿದ್ದಾಗ ಅವನಿಗೆ ಸೊಪ್ಪಿನದು ಹೇಗೆ ತಿಳಿಯಬೇಕು? ಬೆಳಗ್ಗೆ ನರ್ಸ್ ರೈಸಾ ಬಂದು ನನ್ನನ್ನು ಕರೆದೊಯ್ದಳು. ಅವನ ತುಟಿ, ಹಲ್ಲು, ಎದೆಯ ಮೇಲಿನ ವಾಂತಿ, ಎಲ್ಲ ಹಸಿರು. ಪಟ್ಟಣದ ಆಸ್ಪತ್ರೆಗೆ ಸೇರಿಸದಿದ್ದರೆ ಸಂಜೆ ಕಾಣುವುದಿಲ್ಲ ಎಂದಳು. ಪಟ್ಟಣ ಅರವತ್ತು ಕಿಲೋಮೀಟರ್. ಆಂಬುಲೆನ್ಸ್ ಇತ್ತು, ಅದರಲ್ಲಿ ಹನಿ ಪೆಟ್ರೋಲ್ ಇರಲಿಲ್ಲ.

ಕರ್ನಲ್ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತ.

"ಬಾಯ್ಲರ್ ಮನೇಲಿ ಹಾಕ್ರಿ ಇವನ್ನ. ಮೊದ್ಲು ಮೂತಿ ಒರ್ಸಿ."

"ಕಾಮ್ರೇಡ್ ಕರ್ನಲ್, ಜನರಲ್ ಸಾಹೇಬ್ರ ಕಾರಲ್ಲಿ ಪೆಟ್ರೋಲ್ ಇರ್ತದೆ. ಒಂದ್ಮಾತು ಕೇಳಿದ್ರೆ..." ಎಂದೆ.

"ದನದಂಗೆ ಹುಲ್ಲು ಮೇಯ್ದೋನಿಗೆ ಜನರಲ್ ಕಾರು ಬೇಕಾ? ಸತ್ರೆ ಅವ್ರವ್ವಂಗೆ ನಾನೇ ಕಾಗ್ದ ಬರಿತೀನಿ, ಎದೆ ನಿಂತೋಯ್ತು ಅಂತ."

ಬಾಯ್ಲರ್ ಮನೆಗೆ ನಾನೂ ರೈಸಾಳೂ ಹೊತ್ತೊಯ್ದೆವು. ಕಲ್ಲಿದ್ದಲ ಗುಡ್ಡೆಯ ಪಕ್ಕ ಮಲಗಿಸುವಾಗ ಇಲ್ಗಿಜ್ ನನ್ನ ತೋಳು ಹಿಡಿದ.

"ಸೊಪ್ಪು ಯಾಕೋ ಕಹಿ ಇತ್ತು ಕಣ್ಲಾ ಗ್ಲೆಬ್."

ನಾನೇ ಬಳಿದದ್ದು ಎನ್ನುವ ಬದಲು ಅಂಗಿಯ ತೋಳಿನಿಂದ ಅವನ ತುಟಿ ಒರೆಸಿದೆ, ಹಸಿರು ಹೋಗಲಿಲ್ಲ.

ಜನರಲ್ ಬಂದ. ವಾದ್ಯ ಮೊಳಗಿತು. ಹಲಗೆ ಹಾಸಿದ ದಾರಿಯಲ್ಲಿ ನಡೆದು ಹುಲ್ಲು ಸೊಗಸಾಗಿದೆ ಎಂದು ಹೊಗಳಿ, ಕರ್ನಲ್ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ಕುಡಿದು, ಮಧ್ಯಾಹ್ನಕ್ಕೆ ಕಾರು ಹತ್ತಿದ. ಅಷ್ಟರಲ್ಲಿ ನಾನೂ ರೊದಿಯೊನ್ ಎಂಬ ಇನ್ನೊಬ್ಬ ಸಿಪಾಯಿಯೂ ಬಾಯ್ಲರ್ ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಇಲ್ಗಿಜ್‌ನನ್ನು ಹಾಕಿಕೊಂಡು ಹೊರಟಿದ್ದೆವು. ಕ್ರುಗ್ಲೊವ್ ಅಡ್ಡ ಬಂದ. ಹಸಿರು ಬಾಯಿ ನೋಡಿ, ಅದೇನನ್ನಿಸಿತೋ, ಪಕ್ಕಕ್ಕೆ ಸರಿದ.

ಗೇಟಿನಲ್ಲಿ ಕಾರಿನ ಮುಂದೆ ಬಾಗಿಲನ್ನು ಇಳಿಸಿದೆವು. ನಾನು ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಮಲಗಿದೆ. ರೊದಿಯೊನ್ ಆ ಕಡೆ ಮಲಗಿದ.

"ನಾನೇ ಬಳ್ದಿದ್ದು ಕಣೋ," ಎಂದೆ ಅವನ ಕಿವಿಯಲ್ಲಿ. ಉಸಿರು ಇನ್ನೂ ಆಡುತ್ತಿತ್ತು.

ಡ್ರೈವರ್ ಹಾರನ್ ಒತ್ತಿದ. ಕರ್ನಲ್ ಓಡಿಬಂದು ಪಿಸ್ತೂಲಿನ ಚೀಲದ ಗುಂಡಿ ಬಿಚ್ಚುತ್ತಿದ್ದ. ಸಾಲಿನಲ್ಲಿ ನಿಂತಿದ್ದ ಸಿಪಾಯಿಗಳಲ್ಲಿ ಒಬ್ಬ ಟೋಪಿ ತೆಗೆದು ಕೆಳಗಿಟ್ಟು ನಮ್ಮ ಕಡೆ ನಡೆದುಬಂದ. ಅವನ ಹಿಂದೆ ಇನ್ನೊಬ್ಬ. ಕಾರಿನ ಕಿಟಕಿಯ ಪರದೆ ಮಾತ್ರ ಅಲುಗಲಿಲ್ಲ. ಎಷ್ಟೋ ತಿಂಗಳ ಮೇಲೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಚಕ್ರ ನನ್ನ ತಲೆಯಿಂದ ಒಂದು ಗೇಣು ದೂರದಲ್ಲಿತ್ತು, ಇಂಜಿನ್ ಇನ್ನೂ ಆರಿರಲಿಲ್ಲ.